ಯಂತ್ರಕ್ಕೂ ಬೇಸಿಗೆಯುಂಟು

ಮನೆಯಲ್ಲಿ ಒಂದು ಕೂಸಿಗೆ ಜ್ವರ ಬಂದಿತೆಂದರೆ ಔಷಧಕ್ಕಿಂತ ಮೊದಲು ಹುಟ್ಟುವುದು ಅಪವಾದ. ನೆರೆಮನೆಯಾಕೆ ಕೊಟ್ಟ ಹುಣಿಸೆಹಣ್ಣನ್ನು ತಿಂದಿತೆಂದು ಅಜ್ಜಿಯೂ, ರಾತ್ರಿ ಕಿಟಕಿಯನ್ನು ತೆರೆದಿಟ್ಟುದರಿಂದ ಬಂದಿತೆಂದು ಸೋದರತ್ತೆಯೂ, ಸಂತೆಯ ಗದ್ದಲಕ್ಕೆ ಎತ್ತಿಕೊಂಡು ಹೋದುದೇ ಕಾರಣವೆಂದು ತಾಯಿಯೂ ತಮ್ಮ ತಮ್ಮ ತೀರ್ಪನ್ನು ಕೊಟ್ಟು ಮುಗಿಸಿದ ತರುವಾಯವೇ ವೈದ್ಯರಿಗೆ ಹೇಳಿಕಳುಹಿಸುವುದು ನಮ್ಮ ಸಂಸಾರಗಳ ಹಳೆಯ ವಾಡಿಕೆ. ವೈದ್ಯರು ಬಂದು ನಾಡಿಯನ್ನು ಹಿಡಿಯುವ ಹೊತ್ತಿಗೆ ಕೂಸಿನ ಜ್ವರ ಇಳಿದಿದ್ದರೂ ದೊಡ್ಡವರ ಮನಸ್ಸಿಗೆ ಏರಿದ್ದು ಇಳಿದಿರುವುದಿಲ್ಲ. ಮನುಷ್ಯರ ಕಾಯಿಲೆಗೆ ಸಲ್ಲುವ ಈ ಮಾತು ಯಂತ್ರಗಳ ಕಾಯಿಲೆಗೂ ಸಲ್ಲುತ್ತದೆಂಬುದನ್ನು ೨೦೨೨ನೆಯ ಇಸವಿಯ ಬೇಸಿಗೆಯಲ್ಲಿ ಕಮಲಾಪುರದ ಒಂದು ಮನೆಯಲ್ಲಿ ನಾನು ಕಣ್ಣಾರೆ ಕಂಡೆನು. ಗಣಕಯಂತ್ರವು ಈಗ ಅನೇಕ ಮನೆಗಳಲ್ಲಿ ಹೊಲಿಗೆಯ ಯಂತ್ರದಂತೆಯೇ ಅನ್ನಕ್ಕೆ ಆಧಾರವಾಗಿರುವುದರಿಂದ, ಅದಕ್ಕೆ ಬಂದ ಜ್ವರದ ವೃತ್ತಾಂತವು ಗೃಹಿಣಿಯರಿಗೂ ಮಕ್ಕಳಿಗೂ ನಿರುಪಯುಕ್ತವಾಗಲಾರದೆಂದು ಭಾವಿಸಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಕಲಬುರಗಿಯ ಬಿಸಿಲನ್ನು ಬಲ್ಲವರಿಗೆ ಅದರ ವರ್ಣನೆ ಬೇಡ. ಅರಿಯದವರಿಗೆ ಎಷ್ಟು ವರ್ಣಿಸಿದರೂ ನಂಬುಗೆ ಬಾರದು. ಏಪ್ರಿಲ್ ಮೇ ತಿಂಗಳುಗಳಲ್ಲಿ ನೆರಳಿನ ಶಾಖವೇ ೪೦ ಡಿಗ್ರಿಯನ್ನು ದಾಟಿ ನಿಲ್ಲುವುದು ಇಲ್ಲಿ ವಿಶೇಷವಲ್ಲ. ಸರಕಾರವು ಕೂಡ ಈ ಸೂರ್ಯನೊಡನೆ ವಾದ ಹೂಡದೆ, ಆ ಎರಡು ತಿಂಗಳುಗಳಲ್ಲಿ ಈ ಭಾಗದ ತನ್ನ ಕಚೇರಿಗಳನ್ನು ಬೆಳಗಿನ ಎಂಟು ಗಂಟೆಗೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚಿಸುತ್ತದೆ. ನಮ್ಮ ಹಿರಿಯರಂತೂ ಬಿಸಿಲಿನ ಸ್ವಭಾವವನ್ನು ಅರಿತೇ ಮನೆಗಳನ್ನು ಕಟ್ಟಿದರು. ಎರಡು ಮೊಳದ ಗೋಡೆ, ನೆಲಕ್ಕೆ ಶಹಾಬಾದದ ಚಪ್ಪಡಿ, ಮೇಲೆ ಮಣ್ಣಿನ ಮಾಳಿಗೆ, ಅದರಲ್ಲಿ ಬಿಸಿಗಾಳಿ ಏರಿಹೋಗಲು ಒಂದು ಬೆಳಕಿಂಡಿ. ೧೩೬೭ರಲ್ಲಿ ಕೋಟೆಯೊಳಗೆ ಕಟ್ಟಿದ ಜಾಮಿ ಮಸೀದಿಯನ್ನು ನೋಡಿದವರು, ಬೇರೆ ಮಸೀದಿಗಳಲ್ಲಿರುವ ಬಯಲಂಗಳವು ಇಲ್ಲಿ ಇಲ್ಲದೆ, ಇಡೀ ಆವರಣವೇ ಗುಮ್ಮಟಗಳ ನೆರಳಿನಲ್ಲಿ ಅಡಗಿರುವುದನ್ನು ಕಂಡಿರಬಹುದು. ಕಟ್ಟಿದವರ ಮನಸ್ಸಿನಲ್ಲಿ ಏನಿದ್ದಿತೋ. ವೈಶಾಖದ ನಡುಹಗಲಿನಲ್ಲಿ ಅಲ್ಲಿ ಕಾಲಿಟ್ಟವನಿಗೆ ಮಾತ್ರ ಅದರ ಬೆಲೆ ತಿಳಿಯುತ್ತದೆ. ಈಗಿನ ಸಿಮೆಂಟಿನ ಮನೆಗಳಲ್ಲಿ ಆ ವಿವೇಕವು ಉಳಿದಿಲ್ಲ. ಹಗಲೆಲ್ಲ ಕುಡಿದ ಬಿಸಿಲನ್ನು ನಮ್ಮ ಛಾವಣಿಗಳು ರಾತ್ರಿಯೆಲ್ಲ ಕಾರುತ್ತವೆ.

ಕಲಬುರಗಿಯಿಂದ ಹುಮನಾಬಾದಿನ ದಾರಿಯಲ್ಲಿ ಸಿಗುವ ಕಮಲಾಪುರವು ಕೆಂಪು ಬಾಳೆಗೆ ಹೆಸರಾದ ಊರು. ಆ ಹಣ್ಣಿಗೆ ಭೌಗೋಳಿಕ ಸೂಚಿಕೆಯ ಮನ್ನಣೆಯೂ ದೊರೆತಿದೆ. ಹಿಂದೆ ಕಲಬುರಗಿ ತಾಲೂಕಿಗೆ ಸೇರಿದ್ದ ಈ ಊರು ಈಗ ತಾನೇ ಒಂದು ತಾಲೂಕಿನ ಮುಖ್ಯಸ್ಥಳವಾಗಿದೆ. ಅಲ್ಲಿ ನಮ್ಮ ಅಣ್ಣನವರ ಮನೆ. ಅಣ್ಣನವರು ತೀರಿಕೊಂಡ ಮೇಲೆ ಅತ್ತಿಗೆಯವರೂ ಇಬ್ಬರು ಮಕ್ಕಳೂ ಆ ಮನೆಯಲ್ಲಿ ಉಳಿದರು. ಹಿರಿಯಳಾದ ಮಗಳು ಪದವಿಯನ್ನು ಮುಗಿಸಿದವಳು ನೌಕರಿಗಾಗಿ ಕಾದು ಕುಳ್ಳಿರದೆ, ೨೦೧೮ರಲ್ಲಿ ಕಲಬುರಗಿಗೆ ನಾಲ್ಕೈದು ಸಲ ಬಂದು, ಒಂದು ಅಂಗಡಿಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಮದರ್‌ಬೋರ್ಡು, ಮತ್ತೊಂದರಲ್ಲಿ ಪ್ರೊಸೆಸರು, ಹೀಗೆ ದರವನ್ನು ವಿಚಾರಿಸಿ ವಿಚಾರಿಸಿ ಬಿಡಿಭಾಗಗಳನ್ನು ಕೊಂಡು ಒಯ್ದು, ತನ್ನ ಕೈಯಿಂದಲೇ ಒಂದು ಗಣಕಯಂತ್ರವನ್ನು ಜೋಡಿಸಿಕೊಂಡಳು. ಸಿದ್ಧಯಂತ್ರವನ್ನು ಕೊಳ್ಳುವುದಕ್ಕಿಂತ ಎಷ್ಟೋ ಸಾವಿರ ರೂಪಾಯಿ ಉಳಿಯಿತು. ಅದರಲ್ಲಿ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಬಾಳೆಯ ವ್ಯಾಪಾರಿಗಳ ಲೆಕ್ಕಪತ್ರ ಇವನ್ನೆಲ್ಲ ಅಚ್ಚುಕಟ್ಟಾಗಿ ಅಣಿಗೊಳಿಸಿ ಕಲಬುರಗಿಯ ಮುದ್ರಣಾಲಯಗಳಿಗೆ ಕಳುಹುವ ಕೆಲಸವನ್ನು ಹಿಡಿದಳು. ಸಾಂಕ್ರಾಮಿಕದ ಎರಡು ವರುಷ ಲಗ್ನಗಳೇ ಕಿರಿದಾಗಿ ಕೆಲಸ ಸೊರಗಿತಾದರೂ ೨೦೨೨ರಲ್ಲಿ ಅದು ಮತ್ತೆ ಚೇತರಿಸಿಕೊಂಡಿತು. ತಮ್ಮನ ಕಾಲೇಜಿನ ಶುಲ್ಕ ಆ ಯಂತ್ರದಿಂದಲೇ ಹೊರಡಬೇಕಾಗಿದ್ದಿತು.

ಬಸವ ಜಯಂತಿಯೂ ಅಕ್ಷಯ ತೃತೀಯೆಯೂ ಆ ವರುಷ ಮೇ ೩ರಂದು ಬಂದಿದ್ದವು. ಅದರ ಹಿಂದುಮುಂದಿನ ಮುಹೂರ್ತಗಳ ಲಗ್ನಪತ್ರಿಕೆಗಳೆಲ್ಲ ಏಪ್ರಿಲಿನಲ್ಲಿಯೇ ಸಿದ್ಧವಾಗಬೇಕು. ಸರಿಯಾಗಿ ಆ ಹೊತ್ತಿನಲ್ಲಿ ಯಂತ್ರವು ಮೊಂಡುಹಿಡಿಯಿತು. ಬರೆಯುತ್ತಿರುವಾಗಲೇ ಪರದೆ ಕಪ್ಪಾಗುವುದು. ಒಂದು ಗಳಿಗೆಯಲ್ಲಿ ತಾನಾಗಿಯೇ ಮತ್ತೆ ಹೊರಡುವುದು. ಉಳಿಸಿಕೊಳ್ಳದ ಕೆಲಸವೆಲ್ಲ ಗಾಳಿಗೆ ಹೋಗುವುದು. ವಧೂವರರ ಹೆಸರಿನ ಕೆಳಗೆ ಬಂಧುಬಾಂಧವರ ಹೆಸರುಗಳನ್ನು ಮೂರನೆಯ ಸಲ ಜೋಡಿಸಿದ ರಾತ್ರಿ ಅವಳು ನನಗೆ ಫೋನು ಮಾಡಿದಳು. “ಕಾಕಾ, ತಾನೇ ಬಂದ್ ಬೀಳ್ತದ, ತಾನೇ ಚಾಲೂ ಆಗ್ತದ. ಬರದಿದ್ದೆಲ್ಲಾ ಹೋಗ್ಲತ್ತದ್ರಿ. ಏನ್ ಮಾಡ್ಲಿ?” ಎಂದಳು. ಮೂವತ್ತು ವರುಷ ಒಂದು ಕಾಲೇಜಿನ ಭೌತವಿಜ್ಞಾನದ ಪ್ರಯೋಗಶಾಲೆಯಲ್ಲಿ ದುಡಿದವನೆಂಬ ಕಾರಣದಿಂದ, ಕೆಟ್ಟ ಮಿಕ್ಸರಿನಿಂದ ಹಿಡಿದು ಸಕಲ ಯಂತ್ರಗಳೂ ನನ್ನ ವೈದ್ಯಕ್ಕೆ ಸೇರಿದವೆಂದು ನಮ್ಮ ಬಳಗದವರ ನಂಬುಗೆ.

ನಾನು ಕಮಲಾಪುರವನ್ನು ತಲುಪುವಷ್ಟರಲ್ಲಿ ಅಪವಾದಗಳು ಆಗಲೇ ಸಾಲಾಗಿ ಹುಟ್ಟಿಕೊಂಡಿದ್ದವು. ಪೆಟ್ಟಿಗೆಯನ್ನು ಹೊತ್ತುಕೊಂಡು ಹೋಗಿ ತೋರಿಸಿದ ಒಂದು ಅಂಗಡಿಯಲ್ಲಿ, ಪ್ರೊಸೆಸರು ಸುಟ್ಟಿದೆ, ಮದರ್‌ಬೋರ್ಡನ್ನೂ ಸೇರಿಸಿ ಹೊಸದನ್ನೇ ಹಾಕಬೇಕು, ಹದಿನಾಲ್ಕು ಸಾವಿರವಾಗುತ್ತದೆ ಎಂದಿದ್ದರು. ಹುಡುಗಿಯ ಸೋದರಮಾವನವರು ಅದಕ್ಕೂ ಮುಂದೆ ಹೋಗಿ, ಹೆಣ್ಣುಮಕ್ಕಳು ತಂತಿ ಜೋಡಿಸಿದರೆ ಹೀಗಲ್ಲದೆ ಇನ್ನೇನಾದೀತು, ಗುಜರಿಗೆ ಕೊಟ್ಟು ಕೈತೊಳೆದುಕೊಳ್ಳಿರಿ, ಮಂದಿಯ ಲಗ್ನಪತ್ರಿಕೆ ಬರೆದದ್ದು ಸಾಕು, ಇನ್ನು ಇವಳ ಲಗ್ನಪತ್ರಿಕೆಯ ವಿಚಾರ ಮಾಡೋಣ ಎಂದು ಬಿಟ್ಟಿದ್ದರು. ಮಾತನ್ನು ಅವರು ನಗುತ್ತಲೇ ಆಡಿದ್ದರೂ ಹುಡುಗಿಗೆ ಅದು ನಗೆಯಾಗಿ ಕೇಳಿಸಲಿಲ್ಲ. ನಾಲ್ಕು ವರುಷ ಒಂದು ಸಂಸಾರವನ್ನು ಹೊತ್ತ ಕೈಗೆ, ಒಂದು ವಾರದ ಕಾಯಿಲೆಯಿಂದ ಅಯೋಗ್ಯವೆಂಬ ಹೆಸರು ಬರುವುದರಲ್ಲಿದ್ದಿತು. ಯಂತ್ರವು ಸರಿಹೋಗುವುದೋ ಇಲ್ಲವೋ ಎಂಬುದಕ್ಕಿಂತ ಈ ಹೆಸರಿನ ಮಾತೇ ನನಗೆ ದೊಡ್ಡದಾಗಿ ತೋರಿತು.

ಪ್ರೊಸೆಸರು ಸುಟ್ಟಿದೆಯೆಂಬ ಮಾತು ಮೊದಲನೆಯ ನೋಟಕ್ಕೇ ನಿಲ್ಲುವಂತಿರಲಿಲ್ಲ. ಸುಟ್ಟ ಬತ್ತಿ ಬೆಳಿಗ್ಗೆ ಉರಿದು ಮಧ್ಯಾಹ್ನ ಆರುವುದಿಲ್ಲ. ಸುಟ್ಟ ಪ್ರೊಸೆಸರು ಬೆಳಗಿನ ಮೂರು ಗಂಟೆಗಳ ಕಾಲ ಚೆನ್ನಾಗಿ ಲೆಕ್ಕ ಮಾಡಿ ಆಮೇಲೆ ಮುನಿಯುವುದಿಲ್ಲ. ಆದಕಾರಣ ಏನನ್ನೂ ಬಿಚ್ಚುವುದಕ್ಕೆ ಮೊದಲು ಒಂದು ನೋಟುಬುಕ್ಕನ್ನು ತರಿಸಿದೆನು. ಜ್ವರದ ರೋಗಿಯ ತಲೆದೆಸೆಯಲ್ಲಿ ಪಟ್ಟಿಯನ್ನು ತೂಗುಹಾಕುವಂತೆ, ಯಂತ್ರವು ನಿಂತ ವೇಳೆ, ಆಗ ಕೋಣೆಯಲ್ಲಿದ್ದ ಶಾಖ, ಪ್ರೊಸೆಸರಿನೊಳಗಿನ ಶಾಖ, ನಿಲ್ಲುವ ಮುನ್ನ ಅದು ನಿಧಾನವಾಯಿತೋ ಇಲ್ಲವೋ, ನಿಂತದ್ದು ತಾನಾಗಿ ಎದ್ದಿತೋ ಎಬ್ಬಿಸಬೇಕಾಯಿತೋ, ಇವಿಷ್ಟನ್ನು ಬರೆಯುತ್ತ ಹೋಗಬೇಕೆಂದು ಗೊತ್ತುಮಾಡಿದೆವು. ಪ್ರೊಸೆಸರಿನ ಶಾಖವನ್ನು ತೋರಿಸುವ ಸಣ್ಣ ತಂತ್ರಾಂಶಗಳು ಬಿಟ್ಟಿಯಾಗಿಯೇ ಸಿಗುತ್ತವೆ. ಕೋಣೆಯ ಶಾಖಕ್ಕೆ ಗೋಡೆಯ ಮೇಲೆ ಒಂದು ಉಷ್ಣಮಾಪಕವನ್ನು ತೂಗುಹಾಕಿದೆವು. ಯಂತ್ರಕ್ಕೆ ದೋಷ ಕಂಡೊಡನೆ ತಾನಾಗಿ ಮರಳಿ ಹೊರಡಬೇಕೆಂಬ ಒಂದು ಏರ್ಪಾಡು ವಿಂಡೋಸಿನಲ್ಲಿ ಮೊದಲಿನಿಂದಲೇ ಇರುತ್ತದೆ, ಅದನ್ನು ತೆಗೆದುಹಾಕಿದೆವು. ಹಾಗೆ ಮಾಡಿದರೆ, ತಂತ್ರಾಂಶದ ದೋಷವಿದ್ದ ಪಕ್ಷದಲ್ಲಿ ಯಂತ್ರವು ಓಡಿಹೋಗದೆ ನಿಂತು ತನ್ನ ದೂರನ್ನು ಪರದೆಯ ಮೇಲೆ ಬರೆದು ತೋರಿಸುತ್ತದೆ.

ಎಂಟು ದಿನಗಳ ಆ ಪಟ್ಟಿಯು ಯಾವ ಪಂಡಿತನೂ ಹೇಳದುದನ್ನು ಹೇಳಿತು. ಕಾಯಿಲೆ ಒಂದಲ್ಲ, ಎರಡು. ಮಧ್ಯಾಹ್ನ ಎರಡರಿಂದ ಐದರವರೆಗೆ ಬರುವ ಕಾಯಿಲೆಯ ರೀತಿ ಬೇರೆ. ಆಗ ಪ್ರೊಸೆಸರಿನ ಶಾಖ ತೊಂಬತ್ತನ್ನು ಮೀರುವುದು. ಕೆಲಸವು ಎತ್ತಿನ ಗಾಡಿಯಂತೆ ನಿಧಾನವಾಗುವುದು. ಕಡೆಗೆ ಯಂತ್ರ ಪೂರ್ತಿಯಾಗಿ ಆರಿಹೋಗುವುದು. ಕೂಡಲೇ ಎಬ್ಬಿಸಿದರೂ ಮತ್ತೆ ಬೀಳುವುದು. ಎರಡನೆಯದು ಹಾಗಲ್ಲ. ಶಾಖ ಐವತ್ತಿದ್ದಾಗಲೂ, ಬೆಳಗಿನ ಜಾವದ ತಂಪಿನಲ್ಲಿಯೂ, ಯಾವ ಮುನ್ಸೂಚನೆಯೂ ಇಲ್ಲದೆ ಕಣ್ಣುಮಿಟುಕಿಸುವಷ್ಟರಲ್ಲಿ ನಿಂತು ತಾನಾಗಿಯೇ ಏಳುವುದು. ಪರದೆಯ ಮೇಲೆ ಯಾವ ದೂರೂ ಉಳಿಯುವುದಿಲ್ಲ. ಯಂತ್ರದ ದಿನಚರಿಯಲ್ಲಿ ಮಾತ್ರ ‘ಕರ್ನೆಲ್ ಪವರ್ ೪೧’ ಎಂಬ ಒಂದು ನಮೂದು ಇರುವುದು. ಅದನ್ನು ನೋಡಿ ಅನೇಕರು ಕಾರಣ ಸಿಕ್ಕಿತೆಂದು ಹಿಗ್ಗುತ್ತಾರೆ. ಯಂತ್ರವು ಕ್ರಮಪ್ರಕಾರವಾಗಿ ಮುಚ್ಚದೆ ಹಠಾತ್ತಾಗಿ ನಿಂತಿತೆಂಬುದಷ್ಟೇ ಅದರ ಅರ್ಥ. ಅದು ಸಾವಿನ ಸುದ್ದಿಯೇ ಹೊರತು ಸಾವಿನ ಕಾರಣವಲ್ಲ.

ಮೊದಲನೆಯ ಕಾಯಿಲೆಯನ್ನು ತಿಳಿಯಲು ಶಾಖದ ಸ್ವಭಾವವನ್ನು ಸ್ವಲ್ಪ ತಿಳಿದಿರಬೇಕು. ಹಿಂದಿನ ಕಾಲದ ಅರವತ್ತು ವ್ಯಾಟಿನ ಬಲ್ಬನ್ನು ಉರಿಯುತ್ತಿರುವಾಗ ಮುಟ್ಟಿ ಬೆರಳು ಸುಟ್ಟುಕೊಳ್ಳದ ಹಳೆಯ ತಲೆಮಾರಿನವರು ವಿರಳ. ಮನೆಯ ಗಣಕಯಂತ್ರದ ಪ್ರೊಸೆಸರು ಹೆಚ್ಚು ಕಡಿಮೆ ಅಷ್ಟೇ ವಿದ್ಯುತ್ತನ್ನು, ಎರಡು ಬೆರಳು ಅಗಲದ ಜಾಗದಲ್ಲಿ ಕುಡಿಯುತ್ತದೆ. ಕುಡಿದುದೆಲ್ಲವೂ ಕೊನೆಗೆ ಶಾಖವೇ ಆಗುತ್ತದೆ. ಗಣಿತಕ್ಕೂ ಶಾಖಕ್ಕೂ ಇರುವ ಈ ನಂಟು ಹೊಸದಲ್ಲ. ೧೯೪೬ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಜನರಿಗೆ ತೋರಿಸಲಾದ ಎನಿಯಾಕ್ ಎಂಬ ಯಂತ್ರದಲ್ಲಿ ಸುಮಾರು ೧೮,೦೦೦ ನಿರ್ವಾತ ನಳಿಗೆಗಳಿದ್ದವು. ಅದು ನುಂಗುತ್ತಿದ್ದ ವಿದ್ಯುತ್ತು ಸುಮಾರು ೧೫೦ ಕಿಲೋವ್ಯಾಟು. ಅದರ ಬಿಸಿಯನ್ನು ಹೊರಕ್ಕಟ್ಟುವುದೇ ಒಂದು ಕಾರಖಾನೆಯ ಕೆಲಸವಾಗಿದ್ದಿತು. ನಮ್ಮ ದೇಶದವರು ತಮ್ಮ ಕೈಯಿಂದಲೇ ರಚಿಸಿ ೧೯೬೦ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ನಡೆಯಿಸಿದ ‘ಟಿಫ್ರಾಕ್’ ಯಂತ್ರವೂ ನಳಿಗೆಗಳದೇ. ಇಂದು ನಳಿಗೆ ಹೋಗಿ ಸಿಲಿಕಾನಿನ ತುಣುಕು ಬಂದಿದೆ. ಶಾಖ ಮಾತ್ರ ಹೋಗಿಲ್ಲ.

ಈ ಶಾಖವನ್ನು ಹೊರಸಾಗಿಸಲು ಪ್ರೊಸೆಸರಿನ ತಲೆಯ ಮೇಲೆ ಅಲ್ಯೂಮಿನಿಯಮ್ಮಿನ ರೆಕ್ಕೆಗಳುಳ್ಳ ಒಂದು ಗಟ್ಟಿಯನ್ನು ಕೂರಿಸಿ ಅದರ ಮೇಲೊಂದು ಪಂಖವನ್ನು ತಿರುಗಿಸುತ್ತಾರೆ. ಇಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ಮನೆಯ ಮಣ್ಣಿನ ಗಡಿಗೆಯು ನೀರನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಬಲ್ಲದು. ಏಕೆಂದರೆ ಅದರ ಮೈಯಿಂದ ನೀರು ಆವಿಯಾಗಿ ಶಾಖವನ್ನು ಹೊತ್ತೊಯ್ಯುತ್ತದೆ. ಪಂಖಕ್ಕೆ ಆ ಶಕ್ತಿಯಿಲ್ಲ. ಒಣಗಿದ ಲೋಹದ ಮೇಲೆ ಎಷ್ಟು ಗಾಳಿ ಬೀಸಿದರೂ ಅದು ಕೋಣೆಯ ಗಾಳಿಗಿಂತ ತಣ್ಣಗಾಗಲಾರದು. ಕೋಣೆಯ ಶಾಖದ ಮೇಲೆ ಇಂತಿಷ್ಟು ಡಿಗ್ರಿ ಎಂಬ ಅಂತರವನ್ನು ಮಾತ್ರ ಕಾಯ್ದುಕೊಳ್ಳಬಲ್ಲದು. ಪುಷ್ಯಮಾಸದಲ್ಲಿ ಕೋಣೆಯ ಶಾಖ ೨೬ ಇದ್ದು ಅಂತರ ೪೦ ಆದರೆ ಪ್ರೊಸೆಸರಿನ ಶಾಖ ೬೬, ಚಿಂತೆಯಿಲ್ಲ. ಅದೇ ಅಂತರದಲ್ಲಿ ವೈಶಾಖದ ೪೧ನ್ನು ಕೂಡಿಸಿದರೆ ೮೧, ಅದೂ ಸಹಿಸತಕ್ಕದ್ದೇ. ಆದರೆ ರೆಕ್ಕೆಗಳ ಸಂದಿಯಲ್ಲಿ ಧೂಳು ಕಟ್ಟಿ ಅಂತರವು ೪೦ರಿಂದ ೫೫ಕ್ಕೆ ಏರಿತೆನ್ನಿ. ಪುಷ್ಯದಲ್ಲಿ ೮೧ ಆಗಿ ಯಾರ ಗಮನಕ್ಕೂ ಬಾರದೆ ಹೋಗುವ ಅದೇ ದೋಷ ವೈಶಾಖದಲ್ಲಿ ೯೬ ಆಗಿ ಮೇಲೇರುತ್ತದೆ. ನೂರರ ಸುಮಾರಿಗೆ ಅನೇಕ ಪ್ರೊಸೆಸರುಗಳ ಸಹನೆ ಮುಗಿಯುತ್ತದೆ. ಮೊದಲು ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಅದರಿಂದಲೂ ಶಾಖ ಇಳಿಯದಿದ್ದರೆ ಸುಟ್ಟುಹೋಗದಂತೆ ಯಂತ್ರವನ್ನೇ ಆರಿಸಿಬಿಡುತ್ತವೆ. ಹಾಗೆ ಆರುವುದು ರೋಗವಲ್ಲ, ಆತ್ಮರಕ್ಷಣೆ. ಕಾಯಿಲೆ ಬೇಸಿಗೆಯಲ್ಲಿ ಕಾಣಿಸಿಕೊಂಡಿತೆಂದ ಮಾತ್ರಕ್ಕೆ ಬೇಸಿಗೆಯಲ್ಲಿಯೇ ಹುಟ್ಟಿತೆಂದು ತಿಳಿಯಬಾರದು.

ಇಷ್ಟಾದ ಮೇಲೆ ಪೆಟ್ಟಿಗೆಗೆ ಕೈಹಾಕಿದೆವು. ಅದು ಕೂತಿದ್ದುದು ಗೋಡೆಯೊಳಗಿನ ಒಂದು ಗೂಡಿನಲ್ಲಿ. ಮೂರು ಕಡೆ ಕಲ್ಲು, ಹಿಂದೆ ಬೆರಳು ತೂರುವಷ್ಟೂ ಸಂದಿಯಿಲ್ಲ. ಅದರ ಮೇಲೆ ಒಂದು ಚಿಕ್ಕ ಕೌದಿ. ಅಣ್ಣನವರ ಹಳೆಯ ಧೋತರದ ಅಂಚನ್ನೂ ತಮ್ಮ ಸೀರೆಯ ತುಂಡುಗಳನ್ನೂ ಸೇರಿಸಿ ಅತ್ತಿಗೆಯವರು ಅದನ್ನು ಅಳತೆಗೆ ಸರಿಯಾಗಿ ಹೊಲಿದಿದ್ದರು. “ಧೂಳ ಬೀಳಬಾರದಂತ ನಾನೇ ಹೊಚ್ಚೀನ್ರಿ. ಅದೇ ಅಲ್ಲೇನ್ರಿ ನಮಗ ಅನ್ನಾ ಹಾಕೂದು?” ಎಂದರು. ಅನ್ನ ಹಾಕುವವರಿಗೆ ಹೊದಿಸುವುದು ತಾಯಂದಿರ ಧರ್ಮ. ಚಳಿಗಾಲದಲ್ಲಿ ಅದರಿಂದ ಹಾನಿಯೂ ಆಗಿರಲಿಲ್ಲ. ಬೇಸಿಗೆಯಲ್ಲಿ ಮಾತ್ರ ಆ ಪ್ರೀತಿಯೇ ಪೆಟ್ಟಿಗೆಯೊಳಗಿನ ಗಾಳಿಯನ್ನು ಕೋಣೆಗಿಂತ ಇನ್ನೂ ಬಿಸಿಯಾಗಿಸುತ್ತಿದ್ದಿತು. ಕೌದಿಯನ್ನು ತೆಗೆದು ಮಡಿಸಿ ಅವರ ಕೈಗೆ ಕೊಟ್ಟು, ರಾತ್ರಿ ಯಂತ್ರ ಮಲಗಿ ಮೈ ತಣ್ಣಗಾದ ಮೇಲೆ ಹೊದಿಸಿರಿ, ಬೆಳಿಗ್ಗೆ ಏಳುವ ಮುನ್ನ ತೆಗೆಯಿರಿ ಎಂದೆನು. ಅವರಿಗೆ ಸಮಾಧಾನವಾಯಿತು.

ಗೋಡೆಯ ಗುಂಡಿಯಿಂದ ತಂತಿಯನ್ನು ಬಿಡಿಸಿ, ಒಳಗೆ ಉಳಿದ ವಿದ್ಯುತ್ತು ಬರಿದಾಗಲೆಂದು ಹೊರಡಿಸುವ ಗುಂಡಿಯನ್ನು ಕೆಲವು ಕ್ಷಣ ಒತ್ತಿಹಿಡಿದು, ಪೆಟ್ಟಿಗೆಯ ಪಕ್ಕವನ್ನು ತೆರೆದೆವು. ಅಲ್ಯೂಮಿನಿಯಮ್ಮಿನ ರೆಕ್ಕೆಗಳು ಕಾಣಿಸಲೇ ಇಲ್ಲ. ಎರೆಹೊಲದ ಕಪ್ಪು ಧೂಳಿಗೆ ಅಡುಗೆಮನೆಯಿಂದ ಹಾರಿಬಂದ ಜೋಳದ ಹಿಟ್ಟು ಸೇರಿ, ಪಂಖದ ಕೆಳಗೆ ಬೂದುಬಣ್ಣದ ಒಂದು ಕಂಬಳಿಯೇ ಬೆಳೆದಿದ್ದಿತು. ಪಂಖದ ರೆಕ್ಕೆ ಅಂಕೆಯಿಲ್ಲದೆ ತಿರುಗದಂತೆ ಬೆರಳಿನಿಂದ ತಡೆಹಿಡಿದು, ಒಣಗಿದ ಮೆತ್ತನೆಯ ಕುಂಚದಿಂದ ಧೂಳನ್ನು ಬಿಡಿಸಿ, ಗಾಳಿ ಊದುವ ಯಂತ್ರದಿಂದ ಹೊರಕ್ಕಟ್ಟಿದೆವು. ಒದ್ದೆ ಬಟ್ಟೆಯನ್ನು ಒಳಗೆ ತಾಗಿಸಲೇ ಇಲ್ಲ.

ಆಮೇಲೆ ರೆಕ್ಕೆಗಟ್ಟಿಯನ್ನು ಎತ್ತಿ ನೋಡಿದರೆ, ಪ್ರೊಸೆಸರಿಗೂ ಅದಕ್ಕೂ ನಡುವೆ ಇರಬೇಕಾದ ಲೇಪವು ಒಣಗಿ ಹಳೆಯ ಸುಣ್ಣದಂತೆ ಉದುರಿತು. ಈ ಲೇಪದ ಕೆಲಸವನ್ನು ಅನೇಕರು ಅರಿಯರು. ಎರಡು ಲೋಹಗಳು ಕಣ್ಣಿಗೆ ಎಷ್ಟು ನುಣುಪಾಗಿ ಕಂಡರೂ ಅವುಗಳ ಮೈಯಲ್ಲಿ ಸೂಕ್ಷ್ಮವಾದ ಏರುತಗ್ಗುಗಳಿರುತ್ತವೆ. ಒಂದರ ಮೇಲೊಂದನ್ನು ಇಟ್ಟಾಗ ಆ ತಗ್ಗುಗಳಲ್ಲಿ ಗಾಳಿ ನಿಲ್ಲುತ್ತದೆ. ಶಾಖವನ್ನು ಸಾಗಿಸುವ ಶಕ್ತಿಯಲ್ಲಿ ಅಲ್ಯೂಮಿನಿಯಮ್ಮಿನ ಮುಂದೆ ಗಾಳಿಯು ಸಾವಿರಪಾಲಿಗೂ ಮಿಕ್ಕು ಬಡವ. ಆ ಗಾಳಿಯನ್ನು ಹೊರದೂಡಿ ಜಾಗವನ್ನು ತುಂಬುವುದೇ ಲೇಪದ ಕರ್ತವ್ಯ. ಹಳೆಯದನ್ನು ಶುದ್ಧ ಮದ್ಯಸಾರದಿಂದ ಒರಸಿ ತೆಗೆದು ಹೊಸದನ್ನು ನಡುವೆ ಒಂದು ಚುಕ್ಕೆಯಿಟ್ಟೆವು. ಎಷ್ಟು ಇಡಬೇಕೆಂದು ಕೇಳಿದಳು. ತೊಗರಿಯ ನಾಡಿನಲ್ಲಿ ಅಳತೆಗೆ ಬರವೇ? ಒಂದು ತೊಗರಿಕಾಳಿನಷ್ಟು ಸಾಕು ಎಂದೆನು. ಹೆಚ್ಚು ಬಳಿದರೆ ಹೆಚ್ಚು ಲಾಭವೆಂಬುದು ಇಲ್ಲಿ ಸಲ್ಲದು. ಬಿಚ್ಚುವಾಗ ನಾನು ಇನ್ನೊಂದನ್ನೂ ಗಮನಿಸಿದೆನು. ಗಟ್ಟಿಯನ್ನು ಹಿಡಿದಿಡುವ ನಾಲ್ಕು ಮೊಳೆಗಳೂ ಬಿಗಿಯಾಗಿ ಕೂತಿದ್ದವು. ತಂತಿಗಳೆಲ್ಲ ಪಂಖಕ್ಕೆ ತಾಗದಂತೆ ಬದಿಗೆ ಕಟ್ಟಿದ್ದವು. ಒಂದು ತಿರುಪೂ ಸಡಿಲವಾಗಿರಲಿಲ್ಲ. ಅದನ್ನು ಸೋದರಮಾವನವರ ಇದಿರಿನಲ್ಲಿಯೇ ಹೇಳಿದೆನು.

ಪೆಟ್ಟಿಗೆಯನ್ನು ಗೂಡಿನಿಂದ ಹೊರತೆಗೆದು ಮೇಜಿನ ಮೇಲೆ, ಗೋಡೆಗೆ ಒಂದು ಗೇಣು ದೂರದಲ್ಲಿ ಇರಿಸಿದೆವು. ಮರುದಿನ ಮಧ್ಯಾಹ್ನ ಮೂರು ಗಂಟೆಗೆ ಕೋಣೆಯ ಶಾಖ ೪೧, ಪ್ರೊಸೆಸರಿನದು ೭೯. ಮಧ್ಯಾಹ್ನದ ಕಾಯಿಲೆ ಅಂದಿಗೆ ಮುಗಿಯಿತು. ಮನೆಯವರೆಲ್ಲ ಸಂತೋಷಪಟ್ಟರು. ಆದರೆ ಅದರ ಮಾರನೆಯ ಬೆಳಗಿನ ಜಾವ ಐದು ಗಂಟೆಗೆ ಯಂತ್ರವು ಹಿಂದಿನಂತೆಯೇ ಕಣ್ಣುಮಿಟುಕಿಸಿ ನಿಂತು ಎದ್ದಿತು. ಸೋದರಮಾವನವರು ಏನನ್ನೂ ಆಡದೆ ಚಹಾ ಕುಡಿಯುತ್ತ ಕುಳಿತರು. ಪಟ್ಟಿ ಇಲ್ಲದಿದ್ದರೆ ಆ ಬೆಳಗ್ಗೆ ನಮ್ಮ ಕೆಲಸವೆಲ್ಲ ವ್ಯರ್ಥವೆಂದೇ ತೋರುತ್ತಿದ್ದಿತು. ಕಾಯಿಲೆ ಎರಡೆಂಬುದು ಮೊದಲೇ ಗೊತ್ತಿದ್ದುದರಿಂದ ನಾವು ಎದೆಗುಂದಲಿಲ್ಲ.

ಪಟ್ಟಿಯನ್ನು ಮತ್ತೆ ತೆರೆದು ಎರಡನೆಯ ಬಗೆಯ ನಮೂದುಗಳ ವೇಳೆಗಳನ್ನು ಮಾತ್ರ ಬೇರೆಯಾಗಿ ಬರೆಯಿಸಿದೆನು. ಹೆಚ್ಚಿನವು ತೋಟದ ಪಂಪುಗಳಿಗೆ ವಿದ್ಯುತ್ತು ಬರುವ ವೇಳೆಗೆ ಹೊಂದಿಕೊಂಡವು. “ಆಗ ಲೈಟೂ ಒಮ್ಮಿ ಮಿಣಕ್ ಅಂತದ್ರಿ ಕಾಕಾ” ಎಂದು ಹುಡುಗಿಯ ತಮ್ಮನು ಹೇಳಿದನು. ಅದೇ ಬೇಕಾಗಿದ್ದ ಸಾಕ್ಷಿ. ನೀರೆತ್ತುವ ಮೋಟಾರು ಹೊರಡುವ ಗಳಿಗೆಯಲ್ಲಿ ತನ್ನ ನಿತ್ಯದ ಆಹಾರಕ್ಕಿಂತ ಐದಾರು ಪಾಲು ಹೆಚ್ಚು ವಿದ್ಯುತ್ತನ್ನು ಎಳೆಯುತ್ತದೆ. ಹತ್ತಾರು ಮೋಟಾರುಗಳು ಒಟ್ಟಿಗೆ ಹೊರಟರೆ ಸುತ್ತಣ ಮನೆಗಳಲ್ಲಿ ಒತ್ತಡವು ಒಮ್ಮೆ ಕುಸಿದು ಏಳುತ್ತದೆ. ಗಣಕಯಂತ್ರದ ವಿದ್ಯುತ್ ಪೆಟ್ಟಿಗೆಯು ತನ್ನಲ್ಲಿ ಕೂಡಿಟ್ಟುಕೊಂಡ ಶಕ್ತಿಯಿಂದ ಸೆಕೆಂಡಿನ ಅರವತ್ತನೆಯ ಒಂದು ಪಾಲಿನಷ್ಟು ಹೊತ್ತು ಮಾತ್ರ ತಾಳಬಲ್ಲದು. ಅದಕ್ಕಿಂತ ಹೆಚ್ಚು ಕಾಲ ಕುಸಿದರೆ, ‘ವಿದ್ಯುತ್ತು ಸರಿಯಾಗಿದೆ’ ಎಂದು ಮದರ್‌ಬೋರ್ಡಿಗೆ ಸದಾ ಕೊಡುತ್ತಿರುವ ಸಂಕೇತವು ತಪ್ಪುತ್ತದೆ. ಸಂಕೇತ ತಪ್ಪಿ ಮರಳಿದಾಗ ಯಂತ್ರವು ಮೊದಲಿನಿಂದ ಹೊರಡುತ್ತದೆ. ಈ ಕುಸಿತದಿಂದ ಕಾಪಾಡುವುದಕ್ಕಾಗಿಯೇ ಅಲ್ಲವೇ ಯು.ಪಿ.ಎಸ್. ಇರುವುದು? ಅದು ಇದ್ದಿತು, ಹಸುರು ದೀಪವೂ ಉರಿಯುತ್ತಿದ್ದಿತು.

ಹಸುರು ದೀಪವನ್ನು ನಂಬದೆ ಒಂದು ಸುಲಭ ಪರೀಕ್ಷೆಯನ್ನು ಮಾಡಿದೆವು. ಗಣಕಯಂತ್ರವನ್ನು ಬಿಡಿಸಿ, ಅದರ ಬದಲು ಹಳೆಯ ಅರವತ್ತು ವ್ಯಾಟಿನ ಬಲ್ಬಿನ ಮೇಜುದೀಪವನ್ನು ಯು.ಪಿ.ಎಸ್.ಗೆ ಜೋಡಿಸಿ, ಗೋಡೆಯ ತಂತಿಯನ್ನು ಕಿತ್ತೆವು. ಕೆಲವು ನಿಮಿಷವಾದರೂ ಉರಿಯಬೇಕಾಗಿದ್ದ ದೀಪ ಆ ಕ್ಷಣದಲ್ಲಿಯೇ ಆರಿತು. ಒಳಗಿನ ಹನ್ನೆರಡು ವೋಲ್ಟಿನ ಬ್ಯಾಟರಿ ಸತ್ತಿದ್ದಿತು. ಅದಕ್ಕೂ ಕಾರಣ ಬಿಸಿಲೇ. ಸೀಸದ ಬ್ಯಾಟರಿಯ ಆಯುಷ್ಯವು, ಶಾಖವು ಹತ್ತು ಡಿಗ್ರಿ ಏರಿದಂತೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆಂಬುದು ಬಲ್ಲವರ ಲೆಕ್ಕ. ಅದೇ ಕಲ್ಲಿನ ಗೂಡಿನಲ್ಲಿ ನಾಲ್ಕು ಬೇಸಿಗೆಗಳನ್ನು ಕಳೆದ ಬ್ಯಾಟರಿಯಿಂದ ಇನ್ನೇನನ್ನು ನಿರೀಕ್ಷಿಸಬಹುದು? ಹೊಸ ಬ್ಯಾಟರಿಯೂ ಲೇಪದ ನಳಿಗೆಯೂ ಸೇರಿ ಸಾವಿರದ ಮುನ್ನೂರು ರೂಪಾಯಿಗಳಾದವು. ಮರುದಿನ ಬೆಳಗಿನ ಜಾವ ಪಂಪುಗಳು ಹೊರಟವು, ದೀಪ ಮಿಣುಕಿತು, ಯು.ಪಿ.ಎಸ್. ‘ಟಿಕ್’ ಎಂದಿತು, ಯಂತ್ರವು ಅಲುಗಲಿಲ್ಲ. ಬಸವ ಜಯಂತಿಯ ಹೊತ್ತಿಗೆ ಲಗ್ನಪತ್ರಿಕೆಗಳೆಲ್ಲ ಅವರವರ ಮನೆಗಳನ್ನು ಸೇರಿದ್ದವು.

ಇಲ್ಲಿಗೆ ಯಂತ್ರದ ವೃತ್ತಾಂತ ಮುಗಿಯಿತು. ಆದರೆ ಆ ಉಷ್ಣಮಾಪಕವು ನಮಗೆ ಇನ್ನೊಂದು ಪಾಠವನ್ನು ಕಲಿಸಿತು. ಕೆಲಸ ಮುಗಿದ ಮೇಲೆ ಹುಡುಗಿ ಅದನ್ನು ಕುತೂಹಲಕ್ಕಾಗಿ ಅಡುಗೆಮನೆಯಲ್ಲಿ ತೂಗುಹಾಕಿದಳು. ಮಧ್ಯಾಹ್ನ ಅತ್ತಿಗೆಯವರು ರೊಟ್ಟಿ ಬಡಿಯುವ ವೇಳೆಗೆ ಅದು ೪೫ನ್ನು ತೋರಿಸಿತು. ನಾವೆಲ್ಲ ಮಾತಿಲ್ಲದೆ ನಿಂತೆವು. ಎಂಟು ದಿನ ಯಂತ್ರದ ಶಾಖವನ್ನು ಗಂಟೆಗೊಮ್ಮೆ ಬರೆದಿಟ್ಟ ಮನೆಯಲ್ಲಿ ಇಪ್ಪತ್ತೈದು ವರುಷ ಒಲೆಯ ಮುಂದಿನ ಶಾಖವನ್ನು ಯಾರೂ ಬರೆದಿರಲಿಲ್ಲ. ಯಂತ್ರಕ್ಕೆ ಬಿಸಿಯೇರಿದರೆ ನಿಧಾನವಾಗುವ, ಮೀರಿದರೆ ನಿಂತುಬಿಡುವ ಅಧಿಕಾರವನ್ನು ಅದನ್ನು ರಚಿಸಿದವರು ಕೊಟ್ಟಿದ್ದಾರೆ. ರೊಟ್ಟಿ ಬಡಿಯುವವಳಿಗೆ ಆ ಅಧಿಕಾರವನ್ನು ಕೊಟ್ಟವರಾರು? ಅವಳು ನಿಧಾನವಾದರೆ ಸೋಮಾರಿ, ನಿಂತರೆ ಮುನಿಸಿಕೊಂಡವಳು. ಅಂಗಡಿಯವರು ಹೇಳಿದ್ದ ಹದಿನಾಲ್ಕು ಸಾವಿರ ಉಳಿದಿತ್ತಷ್ಟೆ. ಅದರಲ್ಲಿ ಸ್ವಲ್ಪವನ್ನು ತೆಗೆದು ಹುಡುಗಿಯು ಅಡುಗೆಮನೆಯ ಗೋಡೆಯ ಮೇಲ್ಭಾಗದಲ್ಲಿ ಕಿಂಡಿಯನ್ನು ಕೊರೆಯಿಸಿ ಬಿಸಿಗಾಳಿಯನ್ನು ಹೊರಕ್ಕೆಳೆಯುವ ಪಂಖವನ್ನು ಹಾಕಿಸಿದಳು. ಕಚೇರಿಗಳು ವೇಳೆಯನ್ನು ಬದಲಿಸುವಂತೆ ರೊಟ್ಟಿಯ ವೇಳೆಯೂ ಬೆಳಗಿನ ಏಳಕ್ಕೆ ಬದಲಾಯಿತು. ಮಧ್ಯಾಹ್ನ ತಣ್ಣನೆಯ ರೊಟ್ಟಿಗೆ ಶೇಂಗಾಹಿಂಡಿ, ಮೊಸರು. ಯಾರೂ ಬಡವಾಗಲಿಲ್ಲ. ಹಿಟ್ಟು ಹಾರುವುದು ಕಡಿಮೆಯಾದುದರಿಂದ ಯಂತ್ರಕ್ಕೂ ಉಪಕಾರವಾಯಿತು.

ಗಣಕಯಂತ್ರವುಳ್ಳ ಸೋದರಿಯರು ನೆನಪಿಡತಕ್ಕ ಮಾತುಗಳು ಕೆಲವೇ. ಪೆಟ್ಟಿಗೆಗೆ ನಾಲ್ಕೂ ಕಡೆ ಉಸಿರಾಡಲ


ು ಜಾಗವಿರಲಿ, ನಡೆಯುತ್ತಿರುವಾಗ ಹೊದಿಕೆ ಬೇಡ. ಯುಗಾದಿಗೆ ಮನೆ ಬಳಿಯುವಾಗ ಅದರ ಒಳಗನ್ನೂ ಒಮ್ಮೆ ಒಣಕುಂಚದಿಂದ ಶುಚಿಮಾಡಿಸಿರಿ. ನೀರಿನ ಕೂಲರಿನ ಒದ್ದೆಗಾಳಿ ನೇರವಾಗಿ ಅದರ ಮೇಲೆ ಬೀಸದಿರಲಿ. ಯು.ಪಿ.ಎಸ್.ಅನ್ನು ವರುಷಕ್ಕೆರಡು ಸಲ ಹಳೆಯ ಬಲ್ಬಿನಿಂದ ಪರೀಕ್ಷಿಸಿರಿ. ಯಂತ್ರವು ನಿಲ್ಲತೊಡಗಿದರೆ ದುಡ್ಡಿನ ಚೀಲಕ್ಕಿಂತ ಮೊದಲು ಒಂದು ನೋಟುಬುಕ್ಕನ್ನು ತೆರೆಯಿರಿ. ವಿದ್ಯುತ್ ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಬಿಚ್ಚಕೂಡದು. ತಂತಿ ಕಿತ್ತ ಮೇಲೆಯೂ ಅದರೊಳಗೆ ಪ್ರಾಣಾಪಾಯದ ವಿದ್ಯುತ್ತು ಉಳಿದಿರಬಹುದು.

ಸೋದರಮಾವನವರು ಆ ಬೇಸಿಗೆಯಲ್ಲಿ ಮತ್ತೇನನ್ನೂ ಹೇಳಲಿಲ್ಲ. ಶ್ರಾವಣದಲ್ಲಿ ತಮ್ಮೂರಿನ ಮಠದ ಪುರಾಣದ ಕರಪತ್ರವನ್ನು ಬರೆಯಿಸಲು ತಾವಾಗಿಯೇ ಬಂದರು. ಹುಡುಗಿಯು ಎಲ್ಲರಿಗೂ ಹೇಳುವ ದರವನ್ನೇ ಅವರಿಗೂ ಹೇಳಿದಳು. ಅವರು ಚೌಕಾಸಿ ಮಾಡದೆ ಕೊಟ್ಟರು. ಕಾರಣವನ್ನು ಹುಡುಕುವುದಕ್ಕೆ ಎಂಟು ದಿನ ಬೇಕಾಗುತ್ತದೆ, ಅಪವಾದಕ್ಕೆ ಎಂಟು ಗಳಿಗೆಯೂ ಬೇಡ. ಆದುದರಿಂದಲೇ ಲೋಕದಲ್ಲಿ ಎರಡನೆಯದು ಅಗ್ಗವಾಗಿ ದೊರೆಯುತ್ತದೆ. ನಮ್ಮ ಮನೆಗಳಲ್ಲಿ ಜ್ವರ ಬಂದಾಗ, ಅದು ಕೂಸಿಗಾಗಲಿ ಯಂತ್ರಕ್ಕಾಗಲಿ ಒಲೆಯ ಮುಂದಿನವಳಿಗಾಗಲಿ, ಮೊದಲು ಶಾಖವನ್ನು ಅಳೆದು ಬರೆದಿಡುವ ಅಭ್ಯಾಸವು ಬೆಳೆದರೆ ಎಷ್ಟೋ ಯಂತ್ರಗಳು ಗುಜರಿಗೆ ಹೋಗುವುದು ತಪ್ಪೀತು. ಎಷ್ಟೋ ಕೈಗಳಿಗೆ ಕೆಟ್ಟ ಹೆಸರು ಬರುವುದೂ ತಪ್ಪೀತು.